ಬಾಯಿಪಾಠವಾಗಿದ್ದ ಕೊನೆಯ ಸಾಲು

ಕಾರು ತೆಗೆಯುವ ಮುನ್ನ ಅದರ ಸುತ್ತ ಒಂದು ಸುತ್ತು ಬರುವುದು ಅವರ ರೂಢಿ. ಮುಂದಿನ ಎಡ ಚಕ್ರದಿಂದ ಶುರು. ಬೂಟಿನ ತುದಿಯಿಂದ ಟೈರು ಒತ್ತಿ ನೋಡುವುದು, ದೀಪದ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುವುದು, ಬಗ್ಗಿ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ ಎಂದು ಪರೀಕ್ಷಿಸುವುದು, ಹಿಂದಿನಿಂದ ಬಳಸಿಕೊಂಡು ಬಂದು ಬಾಗಿಲು ತೆರೆಯುವುದು. ಎದುರು ಅಂಗಡಿಯ ಟೈಲರ್ ಷಟರ್ ಎತ್ತುತ್ತಾ ದಿನವೂ ಏನಾದರೊಂದು ಅನ್ನುತ್ತಿದ್ದ.

“ಏನ್ ಸಾಹೇಬ್ರೇ, ರೆಕ್ಕೆ ಮೂಡಿದೆಯಾ ಅಂತ ನೋಡ್ತಿದೀರಾ?”

“ಇನ್ನೂ ಇಲ್ಲ. ಮೂಡಿದ ದಿನ ಮೊದಲ ಸೀಟು ನಿನಗೇ.”

“ನನಗ್ ಬೇಡಪ್ಪ. ಸ್ಟೂಲ್ ಹತ್ತಿದ್ರೇ ತಲೆ ತಿರುಗತ್ತೆ.”

ಬೀದಿಯವರಿಗೆಲ್ಲ ಅವರು ಪೈಲಟ್ ಸಾಹೇಬರು. ಮಿಲಿಟರಿಯಲ್ಲಿ ಸಾಮಾನು ಸಾಗಿಸುವ ದಪ್ಪ ಹೊಟ್ಟೆಯ ವಿಮಾನಗಳನ್ನು ಓಡಿಸಿದವರು. ಯಾರ ಮೇಲೂ ಬಾಂಬು ಹಾಕಿದವರಲ್ಲ. ರಸ್ತೆಯಿಲ್ಲದ ಬೆಟ್ಟಗಳ ತುದಿಯ ಠಾಣೆಗಳಿಗೆ ಹಿಟ್ಟು, ಸೀಮೆಎಣ್ಣೆ, ಕಂಬಳಿ, ಟಪಾಲು ಮುಟ್ಟಿಸುವುದು ಅವರ ಕೆಲಸವಾಗಿತ್ತು. ಬರುವಾಗ ರಜೆಯ ಮೇಲೆ ಹೊರಟ ಹುಡುಗರು ಹಾಡಿಕೊಂಡು ಬರುತ್ತಿದ್ದರು. ಕೆಲವು ಸಲ ಮೊಳೆ ಹೊಡೆದ ಉದ್ದನೆಯ ಪೆಟ್ಟಿಗೆಗಳು ಬರುತ್ತಿದ್ದವು. ಆ ದಿನಗಳಲ್ಲಿ ಹಿಂದೆ ಸದ್ದಿರುತ್ತಿರಲಿಲ್ಲ. ಮನೆಯಲ್ಲಿ ಇದನ್ನು ಅವರು ಒಮ್ಮೆ ಹೇಳಲು ಹೋಗಿದ್ದರು. ಮೊಮ್ಮಗಳು ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳಿದಳು. ಸಾಮಾನು ಎಂದು ಹೇಳಿ ಮಾತು ಮುಗಿಸಿದ್ದರು.

ಅವರು ಊರಿಂದೂರಿಗೆ ವರ್ಗವಾಗುತ್ತಿದ್ದಷ್ಟು ಕಾಲವೂ ಹೆಂಡತಿ ಈ ಒಂದೇ ಊರಿನಲ್ಲಿ, ಈ ಒಂದೇ ಮನೆಯಲ್ಲಿ ಉಳಿದರು. ಆಕೆ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆದವರು. ಮಗಳಿಗೆ ಕಾಮಾಲೆ ಆದದ್ದು, ಮಹಡಿಯ ತಾರಸಿ ಸೋರಿದ್ದು, ಶಾಲೆಯಲ್ಲಿ ಬಿದ್ದು ಮೊಣಕೈ ಮುರಿದದ್ದು, ಎಲ್ಲವೂ ಗಂಡನಿಗೆ ತಿಳಿದದ್ದು ವಾಸಿಯಾದ ಮೇಲೆ, ರಿಪೇರಿಯಾದ ಮೇಲೆ. ದೂರದಲ್ಲಿರುವವರ ತಲೆ ಯಾಕೆ ಕೆಡಿಸಬೇಕು ಎನ್ನುವುದು ಆಕೆಯ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ನಿವೃತ್ತಿಯಾಗಿ ಟ್ರಂಕು ಇಳಿಸಿದಾಗ, ನಾನಿಲ್ಲದೆಯೇ ಸರಿಯಾಗಿ ನಡೆಯುವುದನ್ನು ಕಲಿತುಬಿಟ್ಟಿದ್ದ ಮನೆಯೊಂದಕ್ಕೆ ಬಂದಿದ್ದೇನೆ ಎಂದು ಅವರಿಗೆ ಮೊದಲ ವಾರವೇ ಗೊತ್ತಾಯಿತು. ಚಮಚ ಯಾವ ಡ್ರಾಯರಿನಲ್ಲಿದೆ ಎಂದು ಕೇಳಿದರೆ ಮಗಳು ನಕ್ಕಳು.

“ಅಪ್ಪಾ, ನೀವು ಒಳ್ಳೆ ನೆಂಟರ ಥರ ಕೇಳ್ತೀರಲ್ಲ.”

ಆ ಮಗಳು ತಾಯಿಯನ್ನು ‘ನೀನು’ ಅನ್ನುತ್ತಾಳೆ, ತಂದೆಯನ್ನು ‘ನೀವು’ ಅನ್ನುತ್ತಾಳೆ. ಯಾರೂ ಕಲಿಸಿದ್ದಲ್ಲ. ವರ್ಷಕ್ಕೆರಡು ಸಲ ಬರುವ ಮನುಷ್ಯನಿಗೆ ತಾನಾಗಿ ಬಂದ ಮರ್ಯಾದೆ ಅದು. ಈಗ ಅವಳು ಗಂಡ, ಮಗಳೊಂದಿಗೆ ಅದೇ ಮನೆಯ ಮಹಡಿಯಲ್ಲಿದ್ದಾಳೆ, ಮುದ್ರಣಾಲಯವೊಂದರಲ್ಲಿ ಪುಟ ಕಟ್ಟುವ ಕೆಲಸ. ಅಳಿಯ ಲಿಫ್ಟ್ ರಿಪೇರಿ ಮಾಡುವವನು. “ಮಾವ ಮೇಲಕ್ಕೆ ಹೋಗಿ ಅಡ್ಡಕ್ಕೆ ಹೋಗ್ತಿದ್ರು. ನಾನು ಮೇಲಕ್ಕೆ ಹೋಗಿ ಕೆಳಕ್ಕೇ ಬರ್ತೀನಿ, ಅಷ್ಟೇ ವ್ಯತ್ಯಾಸ,” ಎಂಬುದು ಅವನು ಹೊಸಬರೆದುರು ತಪ್ಪದೆ ಹೇಳುವ ಜೋಕು. ಮೊಮ್ಮಗಳನ್ನು ಎಲ್ಲರೂ ಪುಟ್ಟಿ ಎನ್ನುತ್ತಾರೆ. ಮನೆಯಲ್ಲಿ ಅವರನ್ನು ‘ನೀನು’ ಎನ್ನುವವಳು ಅವಳೊಬ್ಬಳೇ.

ಹಾಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಹಾಲ್‌ನಲ್ಲಿ ಕೂತಿರುತ್ತಿದ್ದ ದಿನಗಳಲ್ಲೇ ಒಂದು ಬೆಳಿಗ್ಗೆ ಹೆಂಡತಿ ಕಾರಿನ ಕೀಲಿಯನ್ನು ತಂದು ಅವರ ಪೇಪರಿನ ಮೇಲಿಟ್ಟರು.

“ರೀ, ನನ್ನ ಮಂಡಿ ಯಾಕೋ ಕ್ಲಚ್ ಒತ್ತೋಕೆ ಬಿಡ್ತಿಲ್ಲ. ಇನ್ಮೇಲೆ ಕಾರು ನಿಮ್ಮದು.”

“ಕಾರು ನನ್ನದು,” ಎಂದರು ಅವರು. ವಿಮಾನದಲ್ಲಿ ಹೇಳಿದ್ದನ್ನು ಹಾಗೆಯೇ ತಿರುಗಿ ಹೇಳಿದರೆ ಮಾತ್ರ ಕೇಳಿಸಿಕೊಂಡ ಹಾಗೆ. ಆ ಅಭ್ಯಾಸ ಹೋಗಿರಲಿಲ್ಲ.

ಅಂದಿನಿಂದ ಅದು ಅವರ ಹುದ್ದೆ. ಬೆಳಿಗ್ಗೆ ಪುಟ್ಟಿಯನ್ನು ಶಾಲೆಗೆ, ನಿವೃತ್ತಿಯ ನಂತರ ಹೆಂಡತಿ ಹೋಗತೊಡಗಿದ್ದ ಸಣ್ಣ ಕ್ಲಿನಿಕ್ಕಿಗೆ ಆಕೆಯನ್ನು, ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು. ಇಸ್ತ್ರಿ ಮಾಡಿದ ಷರ್ಟು, ಪಾಲಿಷ್ ಹಾಕಿದ ಬೂಟು. ಕೀಲಿ ಮೊಳೆಗೆ ನೇತು ಹಾಕುವುದಿಲ್ಲ, ಜೇಬಿನಲ್ಲೇ ಇರುತ್ತದೆ. ಉಳಿದ ಹೊತ್ತು ಅವರು ಆ ಮನೆಯಲ್ಲಿ ಯಾರಿಗೂ ಬೇಕಾದವರಲ್ಲ. ತರಕಾರಿಯವಳು ಸಹ ಬಾಗಿಲಲ್ಲಿ ನಿಂತು “ಅಮ್ಮ ಇಲ್ವಾ?” ಎಂದು ಕೇಳಿ, ಇಲ್ಲ ಎಂದರೆ ಗಾಡಿ ತಳ್ಳಿಕೊಂಡು ಹೊರಟುಬಿಡುತ್ತಿದ್ದಳು. ಆದರೆ ಕಾರಿನಲ್ಲಿ ಕೂತಿರುವಷ್ಟು ಹೊತ್ತು ಹಾಗಲ್ಲ. ಅಲ್ಲಿ ಪುಟ್ಟಿ ಶಾಲೆಯ ಜಗಳಗಳನ್ನೆಲ್ಲ ಹೇಳುತ್ತಿದ್ದಳು, ಹೆಂಡತಿ ಸಹ ಮನೆಯಲ್ಲಿ ಆಡದ ಮಾತು ಆಡುತ್ತಿದ್ದರು. ಮುಂದೆ ನೋಡುತ್ತಾ ಕೂತ ಮನುಷ್ಯನೊಂದಿಗೆ ಜನ ಸಲೀಸಾಗಿ ಮಾತಾಡುತ್ತಾರೆ.

ಕಣ್ಣಿನ ತೊಂದರೆ ಮೊದಲು ಗೊತ್ತಾದದ್ದು ಬಚ್ಚಲಿನಲ್ಲಿ. ಗೋಡೆಯ ಬಿಳಿ ಟೈಲ್ಸುಗಳ ನಡುವಿನ ಗೆರೆ ಒಂದು ಕಡೆ ನೀರೊಳಗಿನ ಕೋಲಿನಂತೆ ಸೊಟ್ಟಗೆ ಕಂಡಿತು. ಕೈಯಿಟ್ಟು ಸವರಿದರೆ ನೆಟ್ಟಗಿತ್ತು. ಕೆಲವು ತಿಂಗಳಲ್ಲಿ ಆ ಜಾಗದಲ್ಲಿ ಹೆಬ್ಬೆರಳಿನಿಂದ ಗಾಜು ಒರೆಸಿದಂಥ ಮಸುಕು ನಿಂತಿತು. ಕನ್ನಡಕ ತೊಳೆದರು, ಬದಲಿಸಿದರು. ಮಸುಕು ಕನ್ನಡಕದಲ್ಲಿರಲಿಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿದರು. ಎಡಗಣ್ಣಿಗೆ ನಟ್ಟನಡುವೆ ಏನೂ ಕಾಣುತ್ತಿರಲಿಲ್ಲ, ಸುತ್ತ ಎಲ್ಲವೂ ಕಾಣುತ್ತಿತ್ತು. ಬಲಗಣ್ಣಿನಲ್ಲಿ ಈಗಷ್ಟೇ ಗೆರೆಗಳು ಸೊಟ್ಟಗಾಗತೊಡಗಿದ್ದವು.

ಅವರು ಯಾರಿಗೂ ಹೇಳಲಿಲ್ಲ. ಮನೆಯಲ್ಲೇ ಮೇಟ್ರನ್ ಇರುವಾಗ ಇದೇನು ಮೊಂಡಾಟ ಎಂದು ಹೊರಗಿನವರಿಗೆ ಅನ್ನಿಸೀತು. ಆದರೆ ವಿಮಾನ ಓಡಿಸುವವರ ಪಾಲಿಗೆ ಡಾಕ್ಟರು ವಾಸಿ ಮಾಡುವವನಲ್ಲ, ಕೆಳಗಿಳಿಸುವವನು. ವರ್ಷಕ್ಕೊಮ್ಮೆ ನಡೆಯುವ ತಪಾಸಣೆಗೆ ಅವರೆಲ್ಲ ಪರೀಕ್ಷೆಗೆ ಕೂತ ಹಾಗೆ ಕೂರುತ್ತಿದ್ದರು. ಸೊಂಟನೋವನ್ನು ನಗುವಿನಲ್ಲಿ ಮುಚ್ಚುತ್ತಿದ್ದರು, ನೆಗಡಿಯಿದ್ದರೆ ಮೂಗು ಸೀಟಿಕೊಂಡೇ ಒಳಗೆ ಹೋಗುತ್ತಿದ್ದರು. ಅವರ ಜೊತೆ ವಿಮಾನದಲ್ಲಿ ಕೂತು ದಾರಿ ತೋರಿಸುವ ಕೆಲಸದಲ್ಲಿದ್ದ ದಪ್ಪಣ್ಣ ಎಂಬ ಗೆಳೆಯನೊಬ್ಬ ಅಂಥ ಒಂದು ತಪಾಸಣೆಯಲ್ಲಿ, ಆಗಾಗ ತಲೆನೋಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಮರುವಾರ ಅವನು ಉಗ್ರಾಣದಲ್ಲಿ ಕಂಬಳಿ ಮಡಿಸಿಡುವವರ ಮೇಲ್ವಿಚಾರಕನಾಗಿದ್ದ. ವಿಮಾನ ಹಾರಿದಾಗಲೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದನಂತೆ. ಆಮೇಲೆ ಅದನ್ನೂ ಬಿಟ್ಟನಂತೆ.

ಕಣ್ಣಿನ ಕೋಣೆಗೆ ಅವರದೇ ಉಪಾಯವಿತ್ತು. ಗೋಡೆಯ ಮೇಲಿನ ಅಕ್ಷರದ ಹಲಗೆ ಎಲ್ಲ ಠಾಣೆಗಳಲ್ಲೂ ಒಂದೇ. ಮೊದಲು ಹೋಗಿ ಬಂದವನು ಕೊನೆಯ ಸಾಲನ್ನು ಸರದಿಯಲ್ಲಿ ನಿಂತವರ ಕಿವಿಯಲ್ಲಿ ಊದುತ್ತಿದ್ದ, ಅವರು ಮಗ್ಗಿಯಂತೆ ಉರು ಹೊಡೆಯುತ್ತಿದ್ದರು. ಕಣ್ಣು ಚೆನ್ನಾಗಿದ್ದವರೂ ಉರು ಹೊಡೆಯುತ್ತಿದ್ದರು, ಯಾವುದಕ್ಕೂ ಇರಲಿ ಎಂದು. ವರ್ಷಗಟ್ಟಲೆ ಹೇಳಿ ಹೇಳಿ ಅದು ಅವರ ನಾಲಿಗೆಯಲ್ಲಿ ಕೂತುಬಿಟ್ಟಿತ್ತು. ಲೈಸೆನ್ಸ್ ನವೀಕರಣಕ್ಕೆ ಕಣ್ಣಿನ ಸರ್ಟಿಫಿಕೇಟು ಬೇಕಾದಾಗ ಮಾರುಕಟ್ಟೆ ಹಿಂದಿನ ಹಳೆಯ ಕ್ಲಿನಿಕ್ಕಿಗೆ ಹೋದರು. ಅಲ್ಲಿಯೂ ಅದೇ ಹಲಗೆ, ಅಂಚು ಹಳದಿಗಟ್ಟಿತ್ತು. ಕೊನೆಯ ಸಾಲನ್ನು ತಡವರಿಸದೆ ಒಪ್ಪಿಸಿದರು. ಡಾಕ್ಟರು ಸಹಿ ಹಾಕುತ್ತಾ, “ಈ ವಯಸ್ಸಿಗೆ ಹದ್ದಿನ ಕಣ್ಣು ಸಾರ್ ನಿಮ್ಮದು,” ಎಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಅವರು ಹೊರಗೆ ಬಂದು ಕಾರು ಹತ್ತಿದರು.

ಓಡಿಸುವುದು ಕಷ್ಟವೆನಿಸಲಿಲ್ಲ ಎನ್ನುವುದೇ ಮೋಸ. ಪಕ್ಕದಿಂದ ಬರುವ ಸ್ಕೂಟರು ಕಾಣುತ್ತಿತ್ತು, ಕಾಲುದಾರಿಯ ಅಂಚು ಕಾಣುತ್ತಿತ್ತು, ಬಲಗಣ್ಣು ಉಳಿದದ್ದನ್ನು ತುಂಬಿಕೊಡುತ್ತಿತ್ತು. ಕುತ್ತಿಗೆಯನ್ನು ತುಸು ವಾರೆ ಮಾಡಿದರೆ ಸಾಕು. ಮೋಡದಲ್ಲಿ ಬೆಟ್ಟ ಹುಡುಕಿದವರಿಗೆ ಇದೇನು ಮಹಾ ಎಂದು ತಮಗೆ ತಾವೇ ಹೇಳಿಕೊಂಡರು.

ಆ ಮಧ್ಯಾಹ್ನ ಅವರು ಶಾಲೆಯ ಗೇಟಿನ ಮುಂದೆ ನಿಧಾನ ಮಾಡಿದರು. ಗೇಟಿನ ಎರಡು ಕಂಬ ಕಂಡವು. ಕುರ್ಚಿಯ ಮೇಲೆ ಕೂತ ಕಾವಲುಗಾರ ಕಂಡ. ಪುಟ್ಟಿ ಇನ್ನೂ ಬಂದಿಲ್ಲವೆಂದು ಮುಂದಿನ ತಿರುವಿನವರೆಗೆ ಹೋಗಿ, ಕಾರು ತಿರುಗಿಸಿಕೊಂಡು ಬಂದರು. ಈ ಸಲ ಅವಳೇ ಬಾಗಿಲು ತೆಗೆದು ಹತ್ತಿ ಚೀಲ ಎಸೆದಳು.

“ತಾತ, ಚೆನ್ನಾಗಿ ನಾಟಕ ಆಡ್ತೀಯ ಬಿಡು.”

“ಏನು ನಾಟಕ?”

“ನನ್ನೇ ನೋಡ್ತಾ ನೋಡ್ತಾ, ನೋಡೇ ಇಲ್ಲ ಅನ್ನೋ ಹಾಗೆ ಹೋದ್ಯಲ್ಲ. ನಾನು ಕೈ ಎತ್ಕೊಂಡು ಮುಂದೆ ಬಂದೆ. ಆದ್ರೂ ನಿಲ್ಸ್‌ಲಿಲ್ಲ.”

“ಮುಂದೆ ಅಂದ್ರೆ ಎಲ್ಲಿಗೆ?”

“ರೋಡಿಗೆ. ವಾಚ್‌ಮನ್ ನನ್ನ ಚೀಲ ಹಿಡಿದು ಹಿಂದಕ್ಕೆ ಎಳೆದ.”

ಅವರು ಸ್ಟೀರಿಂಗ್ ಮೇಲಿನ ಕೈಯನ್ನು ಸಡಿಲ ಬಿಟ್ಟು ಮತ್ತೆ ಹಿಡಿದರು. ಹೇಳುವುದಾದರೆ ಹೇಳಲು ಅದೇ ಹೊತ್ತು. “ಹೂಂ, ನಾಟಕವೇ,” ಎಂದರು. ಹಿಂದಿನ ಕಾರು ಹಾರ್ನ್ ಹೊಡೆಯುವವರೆಗೂ ಅವರು ಗೇರು ಹಾಕಲಿಲ್ಲ.

ಸಂಜೆ ಊಟದ ಮೇಜಿನ ಮುಂದೆ ಪುಟ್ಟಿ ಅದನ್ನು ಅಭಿನಯಿಸಿ ತೋರಿಸಿದಳು. ಕಾರಿನ ಬದಲು ಕುರ್ಚಿ, ತನ್ನ ಬದಲು ನೀರಿನ ಜಗ್ಗು. ಅಳಿಯ ನಕ್ಕ. “ಮಾವನಿಗೆ ಎತ್ತರದಿಂದ ನೋಡಿ ಅಭ್ಯಾಸ. ಪುಟ್ಟಿ ಅವರಿಗೆ ಇರುವೆ ಥರ ಕಂಡಿರಬೇಕು.” ಮಗಳೂ ನಕ್ಕಳು. ಹೆಂಡತಿ ನಗಲಿಲ್ಲ. ತಟ್ಟೆಯಿಂದ ತಲೆಯೆತ್ತಿ ಗಂಡನ ಕುತ್ತಿಗೆ ವಾರೆಯಾಗಿರುವುದನ್ನು ನೋಡಿದರು. ಅದನ್ನು ಅವರು ಮೊದಲೂ ನೋಡಿದ್ದರು, ಕುತ್ತಿಗೆ ಉಳುಕು ಎಂದುಕೊಂಡಿದ್ದರು.

ಬೆಳಿಗ್ಗೆ ಆಕೆ ಹೇಳಿದ್ದು ಇಷ್ಟೇ. “ಇವತ್ತು ಪುಟ್ಟಿಯನ್ನ ಅವಳಪ್ಪ ಬಿಡ್ತಾನೆ. ನಾವು ಆಟೋದಲ್ಲಿ... ಬೇಡ, ಕಾರಲ್ಲೇ ಹೋಗೋಣ. ಕಣ್ಣಾಸ್ಪತ್ರೆಗೆ. ನೀವೇ ಓಡಿಸಿ, ನಿಧಾನಕ್ಕೆ. ನಾನು ಪಕ್ಕದಲ್ಲಿ ಕೂತು ನೋಡ್ತಿರ್ತೀನಿ.”

ದಾರಿಯುದ್ದಕ್ಕೂ ಆಕೆ ಗಂಡನ ಕಣ್ಣುಗಳನ್ನೇ ನೋಡುತ್ತಿದ್ದರು, ವಾರ್ಡಿನಲ್ಲಿ ರೋಗಿಯನ್ನು ನೋಡಿದ ಹಾಗೆ. ಅರ್ಧ ದಾರಿಯಲ್ಲಿ ಒಮ್ಮೆ ಕೈಬ್ರೇಕಿನ ಮೇಲೆ ಕೈಯಿಟ್ಟರು. ಆಮೇಲೆ ತೆಗೆಯಲಿಲ್ಲ.

ಕತ್ತಲೆ ಮಾಡಿದ ಕೋಣೆ. ಎತ್ತರದ ಕುರ್ಚಿಯಲ್ಲಿ ಅವರು, ಹಿಂದಿನ ಗೋಡೆಗಂಟಿದ ಸ್ಟೂಲಿನ ಮೇಲೆ ಹೆಂಡತಿ. ವಯಸ್ಸಿನಲ್ಲಿ ಮಗಳಂತಿದ್ದ ಡಾಕ್ಟರು ಬಲಗಣ್ಣಿಗೆ ಮುಚ್ಚಳ ಹಾಕಿ ಎದುರು ನೋಡಿ ಎಂದಳು. ಎದುರು ಒಂದು ಬೆಳಕಿನ ಚೌಕವಿತ್ತು, ನಡುವೆ ಅದೇ ಮಸುಕು.

“ಯಾವ ಸಾಲಿನವರೆಗೆ ಓದ್ತೀರಿ ಸಾರ್?”

“ಕೊನೆಯ ಸಾಲು,” ಎಂದರು. ಬೆನ್ನು ನೆಟ್ಟಗೆ ಮಾಡಿ ಒಂದೇ ಉಸಿರಿಗೆ ಎಂಟು ಅಕ್ಷರಗಳನ್ನು ಹೇಳಿದರು, ತಡವಿಲ್ಲದೆ, ಹಿಂದಿನ ಹಾಗೆಯೇ.

ಮೆಚ್ಚುಗೆ ಬರಬೇಕಾದ ಜಾಗ ಅದು. ಯಂತ್ರದ ಫ್ಯಾನು ತಿರುಗುವುದು ಮಾತ್ರ ಕೇಳುತ್ತಿತ್ತು.

“ಇನ್ನೊಂದು ಸಲ ಹೇಳ್ತೀರಾ?” ಎಂದಳು ಡಾಕ್ಟರು.

ಅವರು ಇನ್ನೊಂದು ಸಲ ಹೇಳಿದರು. ಎರಡನೆಯ ಸಲ ಮುಗಿಯುವ ಮುನ್ನ ಹಿಂದಿನಿಂದ ಹೆಂಡತಿಯ ದನಿ ಬಂತು. ಗದರಿಕೆಯಿಲ್ಲ, ಮೆಲ್ಲಗೆ, ಜ್ವರ ಬಂದ ಮಗುವಿಗೆ ಹೇಳಿದ ಹಾಗೆ.

“ರೀ, ಸಾಕು. ಅಲ್ಲಿ ಅಕ್ಷರವೇ ಇಲ್ಲ. ಅಂಕಿಗಳಿವೆ.”

ಈಗ ದೊಡ್ಡ ಆಸ್ಪತ್ರೆಗಳಲ್ಲಿ ಹಲಗೆ ಹೋಗಿ ಪರದೆ ಬಂದಿದೆ, ಪ್ರತಿಯೊಬ್ಬರಿಗೂ ಅದು ಬದಲಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಿವಿಯಲ್ಲಿ ಊದುವವರು ಯಾರೂ ಉಳಿದಿರಲಿಲ್ಲ.

ಕಣ್ಣಿನೊಳಗಿನ ಪರದೆಯ ನಡುಜಾಗ ಸವೆದಿದೆ ಎಂದಳು ಡಾಕ್ಟರು. ಎಡಗಣ್ಣಿನಲ್ಲಿ ಹೋದದ್ದು ಬರುವುದಿಲ್ಲ. ಬಲಗಣ್ಣಿಗೆ ಸೂಜಿಮದ್ದು ಕೊಟ್ಟರೆ ಇರುವಷ್ಟನ್ನು ಉಳಿಸಿಕೊಳ್ಳಬಹುದು. ಓದುವುದಕ್ಕೆ ದೊಡ್ಡ ಭೂತಗನ್ನಡಿ ಇದೆ. ಕಾರು ಮಾತ್ರ ಇವತ್ತಿನಿಂದಲೇ ಬೇಡ. “ಒಂದು ವರ್ಷ ಮುಂಚೆ ಬಂದಿದ್ರೆ...” ಎಂದು ಶುರು ಮಾಡಿದವಳು ಹಿಂದೆ ಕೂತ ಹೆಂಡತಿಯ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದಳು.

ಆಸ್ಪತ್ರೆಯ ಹಿಂದೆ ಕಾರು ನಿಲ್ಲಿಸಿದ್ದ ಜಾಗ ಇಕ್ಕಟ್ಟಿನದು. ಒಂದು ಕಡೆ ಕಂಬ, ಇನ್ನೊಂದು ಕಡೆ ಆಂಬುಲೆನ್ಸು. ಅವರು ಅಭ್ಯಾಸಬಲದಿಂದ ಬಲಬಾಗಿಲಿನ ಹತ್ತಿರ ಹೋಗಿ ನಿಂತರು. ಹೆಂಡತಿ ಕೈಚಾಚಿದರು. ಅವರು ಜೇಬಿನಿಂದ ಕೀಲಿ ತೆಗೆದು ಕೊಟ್ಟರು.

“ಹಿಂದೆ ನಿಂತು ನೋಡಿ ಹೇಳಲಾ? ಜಾಗ ಸಾಲದು.”

“ಕೂತ್ಕೊಳ್ಳಿ.”

ಆಕೆ ಸೀಟನ್ನು ಮುಂದೆಳೆದುಕೊಂಡರು, ಕನ್ನಡಿ ತಿರುಗಿಸಿಕೊಂಡರು. ಕಾರು ಒಂದೇ ಸಲಕ್ಕೆ, ಕಂಬಕ್ಕೂ ಆಂಬುಲೆನ್ಸಿಗೂ ತಾಕದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹಿಂದಕ್ಕೆ ಬಂದು ರಸ್ತೆಗಿಳಿಯಿತು. ಎರಡನೆಯ ಗೇರು, ಮೂರನೆಯ ಗೇರು. ಕ್ಲಚ್ಚಿನ ಮೇಲೆ ಆ ಕಾಲು ಎಷ್ಟು ಹಗುರವಾಗಿ ಏಳುತ್ತಿತ್ತು, ಇಳಿಯುತ್ತಿತ್ತು ಎಂಬುದು ಅವರಿಗೆ ಕಾಣಿಸಿತು. ಅದು ನೋಟದ ಅಂಚಿನಲ್ಲಿತ್ತು. ಅಂಚು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಎರಡು ಸಿಗ್ನಲ್ ದಾಟಿದ ಮೇಲೆ ಕೇಳಿದರು. “ಮಂಡಿ?”

“ಮಂಡಿಗೆ ಏನೂ ಆಗಿರ್ಲಿಲ್ಲ.”

“ಅಂದ್ರೆ?”

“ರೋಗಿ ಹಾಸಿಗೆ ಬಿಟ್ಟು ಎದ್ದ ಮೇಲೆ ಕೈಗೊಂದು ಕೆಲಸ ಕೊಡ್ಬೇಕು ಅಂತ ಹೊಸ ಹುಡುಗಿಯರಿಗೆ ಹೇಳಿಕೊಡ್ತಿದ್ದೆ. ಹತ್ತಿ ಸುತ್ತೋದೋ, ನೀರು ತುಂಬೋದೋ. ಇಲ್ದಿದ್ರೆ ಗೋಡೆ ನೋಡ್ತಾ ಕೂತ್ಬಿಡ್ತಾರೆ. ನೀವು ಬಂದ ಹೊಸದರಲ್ಲಿ ಗೋಡೆ ನೋಡ್ತಾ ಕೂತಿರ್ತಿದ್ರಿ.”

ತಿರುಗಿ ಹೇಳಿ ಒಪ್ಪಿಸುವಂಥ ಮಾತಲ್ಲ ಅದು. ತಮ್ಮದೆಂದು ಜೇಬಿನಲ್ಲಿಟ್ಟುಕೊಂಡಿದ್ದ ಒಂದೇ ಒಂದು ಹುದ್ದೆಯೂ ವಾರ್ಡಿನಲ್ಲಿ ಹತ್ತಿ ಸುತ್ತುವ ಕೆಲಸವಾಗಿತ್ತು.

“ನಾನು ಸುಳ್ಳು ಹೇಳಿದ್ದು ಹೌದು,” ಎಂದರು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ. “ನನ್ನ ಸುಳ್ಳಿನಿಂದ ಯಾರ ಪ್ರಾಣಕ್ಕೂ ಸಂಚಕಾರ ಇರ್ಲಿಲ್ಲ. ನಿಮ್ಮ ಕಾರಿನ ಮುಂದೆ ಮಗು ಇತ್ತು.”

ಮಗಳಿಗೆ ವಿಷಯ ತಿಳಿದದ್ದು ಸಂಜೆ. ಅವಳು ಕೂಗಾಡಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಬ್ಯಾಗಿನ ಪಟ್ಟಿಯನ್ನು ಸುತ್ತುತ್ತಾ ಬಿಚ್ಚುತ್ತಾ, “ನಿಮ್ಮ ಕೈಗೆ ಕೊಟ್ಟಿದ್ದೆ ಅಪ್ಪಾ ಅವಳನ್ನ,” ಎಂದಳು. ಮೇಲೆ ಹೋದಳು. ಹಲವು ದಿನ ಅವಳ ಹೆಜ್ಜೆಯ ಸದ್ದು ಮಾತ್ರ ಮಹಡಿಯಿಂದ ಕೇಳುತ್ತಿತ್ತು. ಆಮೇಲೆ ಮಾತು ಬಂತು, ಮೊದಲಿಗಿಂತ ಹೆಚ್ಚಿನ ಮರ್ಯಾದೆಯೊಂದಿಗೆ. ಸೂಜಿ ಹಾಕಿಸಿಕೊಂಡು ಬಂದ ದಿನ ಕಣ್ಣಿಗೆ ಹನಿ ಬಿಟ್ಟವಳು ಅವಳೇ. ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ, ಹನಿ ಬಿಟ್ಟು, “ಉರೀತಿದೆಯಾ?” ಎಂದಳು. ಉರಿಯುತ್ತಿತ್ತು. ಇಲ್ಲ ಎನ್ನಲು ಬಾಯಿ ತೆರೆದವರು ತಡೆದು, “ಹೌದು, ಉರೀತಿದೆ,” ಎಂದರು. ಅವಳು ಬಾಟಲಿಯ ಮುಚ್ಚಳ ಹಾಕುವುದನ್ನು ನಿಲ್ಲಿಸಿ ಒಂದು ಗಳಿಗೆ ಅವರನ್ನು ನೋಡಿದಳು. ನೋವು ಎಂದು ಅಪ್ಪ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಒದ್ದೆ ಬಟ್ಟೆ ತಂದು ಹಣೆಯ ಮೇಲಿಟ್ಟು ಮೇಲೆ ಹೋದಳು.

ಈಗ ಬೆಳಿಗ್ಗೆ ಕಾರು ತೆಗೆಯುವವರು ಹೆಂಡತಿ. ಅಳಿಯ ತಮಾಷೆ ಮಾಡಿ ಹಗುರಗೊಳಿಸಲು ನೋಡಿದ. “ಮಾವ, ನೀವೂ ಹತ್ತಿ. ವಿಮಾನದಲ್ಲಿ ದೊಡ್ಡವರು ಎಡಗಡೆನೇ ತಾನೇ ಕೂರೋದು? ಬಲಗಡೆ ಕೂರೋರು ಚಿಕ್ಕವರು.” ಒಂದೆರಡು ದಿನ ಅವರು ಎಡಗಡೆ ಕೂತು ಹೋದರು. ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ರೋಗಿಗಳ ನಡುವೆ ಕಾದರು. ಹೊಸಬಳೊಬ್ಬಳು ಬಂದು ನಿಮ್ಮ ಟೋಕನ್ ಎಲ್ಲಿ ಎಂದು ಕೇಳಿದಳು. ಮೂರನೆಯ ದಿನ ಅವರು ಹತ್ತಲಿಲ್ಲ. ಹೆಂಡತಿಯೂ ಹತ್ತಿ ಎನ್ನಲಿಲ್ಲ.

ಅಂದಿನಿಂದ ಅವರು ಗೇಟು ತೆಗೆಯುತ್ತಾರೆ. ಹೇಳಿದವರಿಲ್ಲ, ತಾವಾಗಿ ಹೋಗಿ ನಿಂತದ್ದು. ಗೇಟಿನ ಎರಡೂ ಬಾಗಿಲು ಗೋಡೆಗೆ ಒತ್ತಿ, ರಸ್ತೆಗಿಳಿದು, ಎಡಕ್ಕೂ ಬಲಕ್ಕೂ ಕಿವಿಗೊಟ್ಟು, ಎರಡು ಕೈಯನ್ನೂ ತಲೆಯ ಮೇಲೆತ್ತಿ ಬಾ ಬಾ ಎಂದು ಹಿಂದಕ್ಕೆ ಬೀಸುತ್ತಾರೆ. ಕಾರಿನ ಹಿಂಬದಿ ರಸ್ತೆಯ ನಡುವಿಗೆ ಬಂದಾಗ ಎರಡೂ ಮುಷ್ಟಿ ಮುಚ್ಚುತ್ತಾರೆ. ಹೆಂಡತಿ ಅದನ್ನು ನೋಡುವುದಿಲ್ಲ, ಕನ್ನಡಿ ನೋಡಿಕೊಂಡೇ ತಿರುಗಿಸಿಕೊಳ್ಳುತ್ತಾರೆ. ಹಿಂದಿನ ಸೀಟಿನಿಂದ ಪುಟ್ಟಿ ಏನೋ ಕೂಗುತ್ತಾಳೆ. ಅವಳ ಮುಖ ಇರಬೇಕಾದ ಜಾಗದಲ್ಲಿ ಅವರಿಗೆ ಮುಖ ಕಾಣುವುದಿಲ್ಲ, ಆಡುತ್ತಿರುವ ಕೈ ಕಾಣುತ್ತದೆ. ಅವರು ಬಲಗೈ ಹಣೆಗೆ ತಂದು ಇಳಿಸುತ್ತಾರೆ.

ವಿಮಾನ ಹೊರಡುವಾಗ ಹೀಗೆ ಕೈಬೀಸಿ ದಾರಿ ಬಿಡಿಸುವವನೊಬ್ಬ ಎಲ್ಲ ಠಾಣೆಗಳಲ್ಲೂ ಇರುತ್ತಿದ್ದ. ಕಿವಿಗೆ ದಪ್ಪನೆಯ ಮುಚ್ಚಳ, ಧೂಳಿಗೆ ಕಿರಿದು ಮಾಡಿದ ಕಣ್ಣು. ಅವರು ಗಾಜಿನ ಹಿಂದಿನಿಂದ ಒಂದು ಸಲಾಮು ಹೊಡೆದು, ಇಂಜಿನ್ ಜೋರು ಮಾಡಿ ಹೊರಟುಬಿಡುತ್ತಿದ್ದರು. ಹಿಂದಿರುಗಿ ನೋಡುವ ಪದ್ಧತಿಯಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅಂಥ ಒಬ್ಬನ ಹೆಸರನ್ನೂ ಅವರು ಕೇಳಿರಲಿಲ್ಲ. ವಿಮಾನ ಎದ್ದು ಹೋಗಿ, ಧೂಳು ಇಳಿದು, ಸದ್ದು ಪೂರ್ತಿ ನಿಂತ ಮೇಲೆ ಆ ಬಯಲಿನಲ್ಲಿ ಅವನು ಏನು ಮಾಡುತ್ತಿದ್ದ, ಎಲ್ಲಿ ಕೂರುತ್ತಿದ್ದ, ಅದು ವಾಪಸು ಬರುವವರೆಗೆ ಯಾರ ಜೊತೆ ಮಾತಾಡುತ್ತಿದ್ದ ಎಂದು ಈಗ ಯೋಚಿಸುತ್ತಾರೆ.

ಕಾರು ತಿರುವಿನಲ್ಲಿ ಮರೆಯಾಗುತ್ತದೆ. ಸ್ವಲ್ಪ ಹೊತ್ತು ಸದ್ದು ಕೇಳುತ್ತದೆ, ಆಮೇಲೆ ಅದೂ ಇಲ್ಲ. ಅವರು ಗೇಟಿನ ಒಂದು ಬಾಗಿಲು ಎಳೆದು, ಇನ್ನೊಂದು ಎಳೆದು, ಕೈಯಿಂದ ತಡಕಿ ಚಿಲಕ ಹುಡುಕಿ ಹಾಕುತ್ತಾರೆ.